ಕುಡಿತ ಬಿಟ್ಟ ಮೇಲೆ ಸಂಜೆ ಆರು ಗಂಟೆಗೆ ಏನು ಮಾಡುವುದು?

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಪೈವಳಿಕೆ ಕಡೆ ಯಾವ ಮನೆಯಲ್ಲಿ ಕೇಳಿದರೂ ಕುಡಿತ ಬಿಡಿಸುವ ಒಂದು ದಾರಿ ಹೇಳುವವರು ಸಿಗುತ್ತಾರೆ. ದೈವದ ಎದುರು ಮಾತು ಕೊಟ್ಟು ಬಿಟ್ಟವರಿದ್ದಾರೆ. ಮಂಗಳೂರಿನ ಆಸ್ಪತ್ರೆಯಲ್ಲಿ ಅಡ್ಮಿಟ್ ಆಗಿ ಬಂದವರಿದ್ದಾರೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರದಲ್ಲಿ ಎಂಟು ದಿನ ಇದ್ದು ಬಂದವರಿದ್ದಾರೆ. ಬಿಡುವುದು ಹೇಗೆ ಅಂತ ಕೇಳಿದರೆ ನಮ್ಮಲ್ಲಿ ಬೇಕಾದಷ್ಟು ಉತ್ತರ ಇದೆ. ಬಿಟ್ಟ ಮೇಲೆ, ಕೆಲಸ ಮುಗಿದು, ಕೈಗೆ ಆ ದಿನದ ಸಂಬಳ ಬಂದು, ಪೇಟೆಯಲ್ಲಿ ಬಸ್ಸಿಳಿದ ಮನುಷ್ಯ ಮುಂದಿನ ಮೂರು ಗಂಟೆ ಏನು ಮಾಡಬೇಕು ಅಂತ ಕೇಳುವವರು ಮಾತ್ರ ಬಹಳ ಕಡಿಮೆ.

ನನಗೆ ಈ ಪ್ರಶ್ನೆಯೇ ಜಾಸ್ತಿ ಮುಖ್ಯ ಅನ್ನಿಸುತ್ತದೆ. ಯಾಕೆಂದರೆ ಹೆಚ್ಚಿನವರು ಮತ್ತೆ ಕುಡಿತಕ್ಕೆ ಬೀಳುವುದು ಆಸ್ಪತ್ರೆಯಲ್ಲಿ ಇರುವಾಗ ಅಲ್ಲ, ಶಿಬಿರದಲ್ಲೂ ಅಲ್ಲ. ಮನೆಗೆ ಬಂದ ಮೇಲೆ, ಸುಮ್ನೆ ಕೂತ ಒಂದು ಸಂಜೆ. ಆ ಸಂಜೆಗೆಂದೇ ಹೇಳಿ ಮಾಡಿಸಿದ ಹಾಗಿರುವ ಒಂದು ಚಿಕಿತ್ಸೆ ಇದೆ. ಹೆಸರು ಬಿಹೇವಿಯರಲ್ ಆಕ್ಟಿವೇಶನ್. ಹೆಸರು ಭಾರವಾದರೂ ಒಳಗಿನ ವಿಚಾರ ಸುಲಭ.

ಕುಡಿತ ಒಬ್ಬ ಮನುಷ್ಯನಿಗೆ ಏನೇನು ಕೊಡುತ್ತಿತ್ತು ಅಂತ ಮೊದಲು ನೋಡೋಣ. ಬೈಯುವುದಕ್ಕಲ್ಲ, ಲೆಕ್ಕಕ್ಕೆ. ಇಡೀ ದಿನ ಅಡಿಕೆ ತೋಟದಲ್ಲಿ ದುಡಿದವನಿಗೆ ಮೈಕೈ ನೋವು ಮರೆಸುತ್ತಿತ್ತು. ಜತೆಗೆ ಕೂರಲು ನಾಲ್ಕು ಜನರನ್ನು ಕೊಡುತ್ತಿತ್ತು. ಹೋಗಲು ಒಂದು ಜಾಗ, ಕಾಯಲು ಒಂದು ಹೊತ್ತು ಇತ್ತು. ಬಿವರೇಜಸ್ ಎಂಬ ಸರಕಾರಿ ಮದ್ಯದಂಗಡಿಯ ಸಾಲಿನಲ್ಲಿ ನಿಲ್ಲುವುದೂ ಒಂದು ಕೆಲಸವೇ ಆಗಿತ್ತು. ಕೇರಳದಲ್ಲಿ ತಿಂಗಳ ಒಂದನೇ ತಾರೀಕು ಡ್ರೈ ಡೇ. ಆ ದಿನ ತಲಪಾಡಿ ಗಡಿ ದಾಟಿ ಕರ್ನಾಟಕಕ್ಕೆ ಹೋಗಿ ಬರುವವರಿದ್ದಾರಲ್ಲ, ಅವರು ಅದಕ್ಕೆಂದು ಹಾಕುವ ಪ್ಲಾನು, ಹೊಂದಿಸುವ ಬೈಕು, ಕೂಡಿಸುವ ದುಡ್ಡು ನೋಡಿ. ಇಷ್ಟೆಲ್ಲ ಒಂದೇ ದಿನ ನಿಂತುಹೋದರೆ ದಿನದಲ್ಲಿ ದೊಡ್ಡ ಹೊಂಡ ಬೀಳುತ್ತದೆ. ಮನೆಯವರಿಗೆ ಕಾಣುವುದು ಬಾಟಲಿ ಹೋಯಿತು ಎನ್ನುವ ನೆಮ್ಮದಿ. ಬಿಟ್ಟವನಿಗೆ ಕಾಣುವುದು ಆ ಹೊಂಡ.

ಇದರ ಮೇಲೆ ಇನ್ನೊಂದು ತೊಂದರೆ. ವರ್ಷಗಟ್ಟಲೆ ಕುಡಿದ ಮೆದುಳಿಗೆ ಸಣ್ಣಪುಟ್ಟ ಖುಷಿಗಳು ತಾಗುವುದೇ ಇಲ್ಲ. ಖುಷಿ, ಆಸೆಗಳಿಗೆ ಸಂಬಂಧಿಸಿದ ಡೋಪಮಿನ್ ವ್ಯವಸ್ಥೆ ಜೋರಾದ ಪ್ರಚೋದನೆಗೆ ಒಗ್ಗಿಹೋಗಿರುತ್ತದೆ. ಬಿಟ್ಟ ಮೊದಲ ವಾರಗಳಲ್ಲಿ, ಕೆಲವರಿಗೆ ತಿಂಗಳುಗಳ ಕಾಲ, ಮಗುವಿನ ನಗು, ಒಳ್ಳೆಯ ಊಟ, ಯಕ್ಷಗಾನದ ಚೆಂಡೆ ಎಲ್ಲವೂ ಸಪ್ಪೆ. "ಯಾವುದರಲ್ಲೂ ಮನಸ್ಸಿಲ್ಲ" ಅಂತ ಅವನು ಹೇಳುವಾಗ ಅದು ಸೋಮಾರಿತನ ಅಲ್ಲ. ನಿಜಕ್ಕೂ ಮನಸ್ಸಿರುವುದಿಲ್ಲ. ಕಾಲ ಕಳೆದ ಹಾಗೆ ಇದು ಸರಿಯಾಗುತ್ತಾ ಬರುತ್ತದೆ. ಆದರೆ ಅಲ್ಲಿಯವರೆಗೆ ಅವನು ಮನಸ್ಸು ಬರಲಿ ಅಂತ ಕಾದು ಕೂತರೆ, ಮನಸ್ಸಿಗಿಂತ ಮೊದಲು ಬಾಟಲಿ ಬರುತ್ತದೆ.

ಬಿಹೇವಿಯರಲ್ ಆಕ್ಟಿವೇಶನ್ ಹೇಳುವುದು ಇಷ್ಟು: ಮನಸ್ಸಿಗೆ ಕಾಯಬೇಡಿ. ಮೊದಲು ಕೆಲಸ, ಆಮೇಲೆ ಮನಸ್ಸು. ಹೊತ್ತು ನೋಡಿ, ಬರೆದಿಟ್ಟು, ಬೇಸರ ಇದ್ದರೂ ಮಾಡಿ. ಮಾಡುತ್ತಾ ಹೋದ ಹಾಗೆ ಸ್ವಲ್ಪ ಸ್ವಲ್ಪವೇ ರುಚಿ ಹತ್ತುತ್ತದೆ.

ಈ ಚಿಕಿತ್ಸೆ ಹುಟ್ಟಿದ್ದು ಕುಡಿತಕ್ಕಲ್ಲ, ಖಿನ್ನತೆಗೆ. 1970ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಪೀಟರ್ ಲೆವಿನ್‌ಸನ್ ಒಂದು ಸರಳ ವಿಚಾರ ಮುಂದಿಟ್ಟರು. ಬದುಕಿನಲ್ಲಿ ಖುಷಿ ಕೊಡುವ ಕೆಲಸಗಳು ಕಡಿಮೆಯಾದಾಗ ಮನಸ್ಸು ಕುಗ್ಗುತ್ತದೆ, ಕುಗ್ಗಿದ ಮನಸ್ಸು ಇನ್ನಷ್ಟು ಕೆಲಸ ಬಿಡುತ್ತದೆ, ಹಾಗೆ ಸುತ್ತು ಸುತ್ತಾಗಿ ಕೆಳಗಿಳಿಯುತ್ತದೆ ಎಂದರು. 1996ರಲ್ಲಿ ನೀಲ್ ಜೇಕಬ್‌ಸನ್ ಮತ್ತು ಅವರ ಜತೆಗಾರರು ಖಿನ್ನತೆಯ ಚಿಕಿತ್ಸೆಯೊಂದನ್ನು ಬಿಡಿಬಿಡಿಯಾಗಿ ಪರೀಕ್ಷಿಸಿದರು. ಯೋಚನೆಗಳನ್ನು ತಿದ್ದುವ ಭಾಗವನ್ನು ಪೂರ್ತಿ ಬಿಟ್ಟು, ಚಟುವಟಿಕೆ ಹೆಚ್ಚಿಸುವ ಭಾಗವನ್ನು ಮಾತ್ರ ಕೊಟ್ಟರೂ ಗುಣ ಸುಮಾರಾಗಿ ಅಷ್ಟೇ ಕಂಡಿತು. ಅಲ್ಲಿಂದ ಇದಕ್ಕೆ ತನ್ನದೇ ಒಂದು ಜಾಗ ಸಿಕ್ಕಿತು.

ಕುಡಿತದ ವಿಷಯದಲ್ಲೂ ಇದೇ ಜಾಡು 1973ರಷ್ಟು ಹಿಂದೆಯೇ ಸಿಕ್ಕಿತ್ತು. ಅಮೆರಿಕದ ಇಲಿನಾಯ್‌ನಲ್ಲಿ ಹಂಟ್ ಮತ್ತು ಅಜ್ರಿನ್ ಎಂಬಿಬ್ಬರು ಆಸ್ಪತ್ರೆಯಲ್ಲಿದ್ದ ಕುಡುಕರ ಜತೆ ಕೆಲಸ ಮಾಡಿದರು. ಬರೀ ಉಪದೇಶ ಕೊಡಲಿಲ್ಲ. ಕೆಲಸ ಹುಡುಕಿಕೊಟ್ಟರು, ಗಂಡ-ಹೆಂಡತಿಯ ನಡುವೆ ಮಾತು ಸರಿ ಮಾಡಿದರು, ಮತ್ತು ಒಂದು ಹಳೆಯ ಹೆಂಡದಂಗಡಿಯನ್ನೇ ಮದ್ಯ ಇಲ್ಲದ ಕ್ಲಬ್ಬಾಗಿ ಬದಲಾಯಿಸಿದರು. ವಾರಾಂತ್ಯದ ಸಂಜೆ ಬಂದು ಕೂರಲು, ಆಟ ಆಡಲು, ನಾಲ್ಕು ಜನರ ಜತೆ ನಗಲು. ಈ ಸಹಾಯ ಸಿಕ್ಕಿದವರು ಉಳಿದವರಿಗಿಂತ ತುಂಬಾ ಕಡಿಮೆ ಕುಡಿದರು. ಬಹಳ ಸಣ್ಣ ಅಧ್ಯಯನ ಅದು, ಒಂದೊಂದು ಗುಂಪಿನಲ್ಲಿ ಎಂಟೇ ಜನ. ಆದರೂ ಆ ಕ್ಲಬ್ಬಿನ ವಿಚಾರ ನನ್ನ ತಲೆಯಿಂದ ಹೋಗುವುದಿಲ್ಲ. ನಮ್ಮ ಊರಿನಲ್ಲಿ ಕುಡಿಯದವನಿಗೆ ಸಂಜೆ ಹೊತ್ತು ಗಂಡಸರ ನಡುವೆ ಕೂರಲು ಎಷ್ಟು ಜಾಗ ಇದೆ, ಹೇಳಿ?

ಇನ್ನು ಇದನ್ನು ಮಾಡುವುದು ಹೇಗೆ ಅಂತ ನೋಡೋಣ.

ಮೊದಲ ವಾರ ಏನನ್ನೂ ಬದಲಾಯಿಸುವುದಿಲ್ಲ. ಬರೆಯುವುದು ಮಾತ್ರ. ಮಕ್ಕಳ ಹಳೆಯ ನೋಟ್ ಪುಸ್ತಕ ಸಾಕು. ಗಂಟೆ ಗಂಟೆಗೆ ಏನು ಮಾಡಿದೆ ಅಂತ ಒಂದು ಸಾಲು. ಪಕ್ಕದಲ್ಲಿ ಎರಡು ಅಂಕ: ಅದು ಎಷ್ಟು ಖುಷಿ ಕೊಟ್ಟಿತು, ತನ್ನ ಬದುಕಿಗೆ ಅದು ಎಷ್ಟು ಮುಖ್ಯ. ಎರಡಕ್ಕೂ ಸೊನ್ನೆಯಿಂದ ಹತ್ತರ ಒಳಗೆ. ಕುಡಿತ ಬಿಟ್ಟವರು ಮೂರನೇ ಅಂಕವೊಂದನ್ನು ಸೇರಿಸಿಕೊಂಡರೆ ಒಳ್ಳೆಯದು: ಆ ಹೊತ್ತಿಗೆ ಕುಡಿಯುವ ಆಸೆ ಎಷ್ಟಿತ್ತು. ಕನ್ನಡ ಬರೆಯಲು ಬರುವವರು ಕನ್ನಡದಲ್ಲಿ, ತುಳುವಿನಲ್ಲೇ ಯೋಚನೆ ಬರುವವರು ಕನ್ನಡ ಅಕ್ಷರದಲ್ಲಿ ತುಳು, ಮಲಯಾಳ ಶಾಲೆಗೆ ಹೋದವರು ಮಲಯಾಳದಲ್ಲಿ. ಬರೆಯಲು ಬಾರದವರು ಫೋನಿನಲ್ಲಿ ವಾಯ್ಸ್ ರೆಕಾರ್ಡ್ ಮಾಡಿಟ್ಟರೂ ನಡೆಯುತ್ತದೆ.

ಎಣ್ಮಕಜೆ ಕಡೆಯ ಒಬ್ಬ ಕೂಲಿಯಾಳು, ಬಿಟ್ಟು ಎರಡು ವಾರ ಆದವನು ಅಂತ ಇಟ್ಟುಕೊಳ್ಳಿ. ಅವನ ಮಂಗಳವಾರದ ಪುಟ ಹೀಗಿರಬಹುದು. ಬೆಳಿಗ್ಗೆ ಎಂಟರಿಂದ ಹನ್ನೆರಡು, ಕೊಯ್ದ ಅಡಿಕೆ ಗೊನೆ ಹೊತ್ತು ಅಂಗಳಕ್ಕೆ ಹಾಕಿದೆ: ಖುಷಿ 3, ಮುಖ್ಯ 8, ಆಸೆ 1. ಸಂಜೆ ಐದೂವರೆ, ಸಂಬಳ ಸಿಕ್ಕಿತು: ಖುಷಿ 6, ಮುಖ್ಯ 8, ಆಸೆ 7. ಆರರಿಂದ ಏಳೂವರೆ, ಪೇಟೆಯ ಕಟ್ಟೆಯಲ್ಲಿ ಸುಮ್ನೆ ಕೂತೆ: ಖುಷಿ 1, ಮುಖ್ಯ 0, ಆಸೆ 9. ರಾತ್ರಿ ಎಂಟರಿಂದ ಹತ್ತು, ಮೊಬೈಲು ನೋಡಿದೆ: ಖುಷಿ 2, ಮುಖ್ಯ 0, ಆಸೆ 5. ಗುರುವಾರದ ಪುಟದಲ್ಲಿ ಒಂದು ಸಾಲು ಬೇರೆ ಥರ ಇದೆ. ಸಂಜೆ ಆರೂವರೆ, ಮಗಳ ಪುಸ್ತಕಗಳಿಗೆ ಬೈಂಡ್ ಹಾಕಿದೆ: ಖುಷಿ 5, ಮುಖ್ಯ 9, ಆಸೆ 2.

ಈ ಪುಟ ನೋಡಿದ ಕೌನ್ಸಿಲರ್ ಏನೂ ಉಪದೇಶ ಮಾಡಬೇಕಾಗಿಲ್ಲ. ಅಪಾಯ ಎಲ್ಲಿದೆ ಅಂತ ಅವನಿಗೇ ಕಾಣುತ್ತದೆ. ಕುಡಿಯುವ ಆಸೆ ಅವನಿಗೆ ಜೋರಾಗುವುದು ಇಡೀ ದಿನ ಅಲ್ಲ. ಸಂಬಳ ಕೈಗೆ ಬಂದ ಹೊತ್ತಿನಿಂದ ಊಟದ ಹೊತ್ತಿನವರೆಗೆ ಮಾತ್ರ. ಕಟ್ಟೆಯಲ್ಲಿ ಕೂತರೆ ಏರುತ್ತದೆ, ಬೈಂಡ್ ಹಾಕಿದ ದಿನ ಇಳಿಯುತ್ತದೆ. ಇಡೀ ಬದುಕನ್ನು ಬದಲಾಯಿಸಬೇಕು ಎಂದು ಹೆದರಿದವನಿಗೆ ಈಗ ಕೈಯಲ್ಲಿರುವುದು ದಿನದ ಎರಡು ಗಂಟೆ. ಅಷ್ಟು ಹಿಡಿಯಬಹುದು ಅಲ್ವಾ?

ಮುಂದಿನದ್ದು ಸ್ವಲ್ಪ ಕಷ್ಟದ ಮಾತು. ತನಗೆ ನಿಜಕ್ಕೂ ಏನು ಬೇಕು ಅಂತ ಯೋಚಿಸುವುದು. ಮನೆಯವರ ಜತೆಗಿನ ಸಂಬಂಧ, ಕೆಲಸ ಅಥವಾ ಕಲಿಕೆ, ಮನರಂಜನೆ, ದೇಹ-ಮನಸ್ಸು-ಭಕ್ತಿ, ದಿನದ ಜವಾಬ್ದಾರಿ. ಈ ಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಹೀಗೆ ಬದುಕಿನ ಐದು ಕಡೆಗಳನ್ನು ನೋಡುತ್ತಾರೆ. ಮಗಳಿಗೆ ಎಂಥ ಅಪ್ಪ ಆಗಬೇಕು ಅಂತಿದ್ದೆ? ಊರಿನಲ್ಲಿ ನನ್ನ ಬಗ್ಗೆ ಏನು ಹೇಳಬೇಕು ಅಂತ ಆಸೆ ಇತ್ತು? ಕುಡಿತ ಶುರುವಾಗುವ ಮೊದಲು ಏನು ಇಷ್ಟ ಇತ್ತು? ಈ ಕೊನೆಯ ಪ್ರಶ್ನೆಗೆ ನಮ್ಮ ಕಡೆ ಎಷ್ಟೋ ಉತ್ತರ ಬರುತ್ತದೆ. ಒಬ್ಬ ವಾಲಿಬಾಲ್ ಆಡುತ್ತಿದ್ದ. ಒಬ್ಬ ಭಜನೆಗೆ ತಾಳ ಹಾಕುತ್ತಿದ್ದ. ಒಬ್ಬ ತಾಳಮದ್ದಲೆ ಕೇಳಲು ರಾತ್ರಿಯಿಡೀ ಕೂರುತ್ತಿದ್ದ. ಒಬ್ಬನಿಗೆ ದನ ಅಂದರೆ ಜೀವ.

ಆಮೇಲೆ ಆ ದೊಡ್ಡ ಆಸೆಯನ್ನು ಚೂರು ಚೂರು ಮಾಡಬೇಕು. ನನ್ನ ಪ್ರಕಾರ ಎಡವುವುದು ಇಲ್ಲಿಯೇ. "ಇನ್ನು ಮಕ್ಕಳನ್ನು ಚೆನ್ನಾಗಿ ನೋಡಿಕೊಳ್ಳುತ್ತೇನೆ" ಎಂಬುದು ಕೆಲಸ ಅಲ್ಲ, ಮಾತು. "ಬುಧವಾರ ಸಂಜೆ ಆರೂವರೆಗೆ ಮಗಳ ಪಕ್ಕ ಕೂತು ಅವಳು ಓದುವುದನ್ನು ಇಪ್ಪತ್ತು ನಿಮಿಷ ಕೇಳುತ್ತೇನೆ" ಎಂಬುದು ಕೆಲಸ. "ಚೆಂಡೆ ಕಲಿಯುತ್ತೇನೆ" ಅಂತ ಬರೆದರೆ ಮೂರು ದಿನದಲ್ಲಿ ಕೈಬಿಡುತ್ತಾನೆ. "ಶನಿವಾರ ಭಜನಾ ಮಂದಿರಕ್ಕೆ ಹೋಗಿ ಅರ್ಧ ಗಂಟೆ ಹಿಂದಿನ ಸಾಲಿನಲ್ಲಿ ಕೂತು ಬರುತ್ತೇನೆ" ಅಂತ ಬರೆದರೆ ಹೋಗುತ್ತಾನೆ. ಏನು, ಎಲ್ಲಿ, ಎಷ್ಟು ಗಂಟೆಗೆ, ಯಾರ ಜತೆ. ನಾಲ್ಕೂ ಇರಬೇಕು. ತೀರಾ ಸಣ್ಣದಾಯಿತು ಎಂದು ನಾಚಿಕೆ ಬೇಡ. ಮಾಡಿ ಮುಗಿಸುವಷ್ಟು ಸಣ್ಣದಿರುವುದೇ ಮೊದಲ ತಿಂಗಳ ಅಗತ್ಯ.

ಪಟ್ಟಿಯಲ್ಲಿ ಎರಡು ಬಗೆಯ ಕೆಲಸ ಬೇಕು. ಅಡಿಕೆ ಸಸಿ ನೆಟ್ಟವರು ನಡುವೆ ಬಾಳೆ ಹಾಕುತ್ತಾರಲ್ಲ, ಹಾಗೆ. ಅಡಿಕೆ ಫಸಲು ಕೊಡಲು ಐದಾರು ವರ್ಷ, ಅಲ್ಲಿಯವರೆಗೆ ಬಾಳೆ ನೆರಳೂ ಆಗುತ್ತದೆ, ಕೈಗೆ ನಾಲ್ಕು ಕಾಸೂ ಬರುತ್ತದೆ. ಸಾಲ ತೀರಿಸುವುದು, ಹೆಂಡತಿಯ ನಂಬಿಕೆ ಮತ್ತೆ ಗಳಿಸುವುದು ಅಡಿಕೆಯ ಹಾಗೆ ನಿಧಾನದ ಕೆಲಸ. ಬಿಸಿ ಬಿಸಿ ನೀರಲ್ಲಿ ಸ್ನಾನ, ಹೋಟೆಲಿನ ಗೋಳಿಬಜೆ ಮತ್ತು ಚಾ, ಸಂಜೆಯ ಶಟಲ್, ಇವೆಲ್ಲ ಬಾಳೆ. ಮನೆಯವರು ಹೆಚ್ಚಾಗಿ ನಿಧಾನದ ಕೆಲಸ ಮಾತ್ರ ಹೇಳುತ್ತಾರೆ. "ಬಿಟ್ಟಿದ್ದೀಯಲ್ಲ, ಇನ್ನು ದುಡಿ, ಸಾಲ ತೀರಿಸು" ಅಂತ. ಆರೋಗ್ಯಕರವಾದ ಸಣ್ಣ ಖುಷಿಗೂ ಜಾಗ ಕೊಡದೆ ಹೋದರೆ ಅವನಿಗೆ ನೆನಪಾಗುವುದು ಹಳೆಯ ಖುಷಿಯೇ.

ಗಲ್ಫಿನಿಂದ ವಾಪಸು ಬಂದವರ ಕಥೆ ಸ್ವಲ್ಪ ಬೇರೆ. ಅವರಿಗೆ ಸಂಜೆ ಮಾತ್ರ ಅಲ್ಲ, ಇಡೀ ದಿನವೇ ಖಾಲಿ. ವರ್ಷಗಟ್ಟಲೆ ಡ್ಯೂಟಿ ಗಂಟೆಗಳ ಮೇಲೆ ಓಡಿದ ಬದುಕಿಗೆ ಇದ್ದಕ್ಕಿದ್ದಂತೆ ಗಂಟೆಯೇ ಇಲ್ಲ. ಅಂಥವರು ಬೆಳಿಗ್ಗೆ ಏಳುವ ಹೊತ್ತು, ಮನೆಯಿಂದ ಹೊರಡುವ ಹೊತ್ತು, ಇವೆರಡನ್ನು ಮೊದಲು ಗಟ್ಟಿ ಮಾಡಿಕೊಳ್ಳಬೇಕು.

ತಪ್ಪಿಸಿಕೊಳ್ಳುವ ಅಭ್ಯಾಸದ ಬಗ್ಗೆ ಒಂದು ಮಾತು. ಸಾಲ ಕೊಟ್ಟವನು ಎದುರು ಬಂದರೆ ದಾರಿ ಬದಲಿಸುವುದು, ಅಣ್ಣನ ಜತೆ ಜಗಳ ಆದರೆ ಕೋಣೆ ಸೇರಿ ಮಲಗುವುದು, ಮದುವೆ ಮನೆಗೆ ಹೋಗದೆ ಉಳಿಯುವುದು. ಆ ಕ್ಷಣಕ್ಕೆ ಹಾಯೆನಿಸುತ್ತದೆ. ಕುಡಿತ ಕೂಡ ಇದೇ ಸಾಲಿನದು. ಈ ಚಿಕಿತ್ಸೆಯಲ್ಲಿ ಅಂಥ ಒಂದೊಂದು ಸಂದರ್ಭವನ್ನೂ ಬಿಡಿಸಿ ನೋಡುತ್ತಾರೆ: ಏನಾಯಿತು, ನನಗೆ ಹೇಗನ್ನಿಸಿತು, ನಾನು ಏನು ಮಾಡಿ ತಪ್ಪಿಸಿಕೊಂಡೆ, ಅದರ ಬದಲು ಏನು ಮಾಡಬಹುದಿತ್ತು. ಸಾಲ ಕೊಟ್ಟವನಿಗೆ ಭಾನುವಾರ ಫೋನ್ ಮಾಡಿ "ಈ ತಿಂಗಳು ಐನೂರು ಕೊಡುತ್ತೇನೆ" ಅಂತ ಹೇಳುವುದು ಪಟ್ಟಿಯ ಒಂದು ಕೆಲಸ ಆಗಬಹುದು.

ನಮ್ಮ ಕಡೆಯ ಕೆಲವು ದಿನಗಳಿಗೆ ಮೊದಲೇ ತಯಾರಿ ಬೇಕು. ಜಾತ್ರೆ, ಕೋಲ, ತೆಯ್ಯಂ, ಬಯಲಾಟದ ರಾತ್ರಿಗಳು ಖುಷಿಯವೇ. ಆದರೆ ಹಳೆಯ ಜತೆಗಾರರು ಹಿಂದಿನ ತೋಟದಲ್ಲಿ ಸೇರುವುದೂ ಅಂಥ ರಾತ್ರಿಗಳಲ್ಲೇ. ಕೊರಗಜ್ಜ, ಮುತ್ತಪ್ಪ ದೈವಗಳಿಗೆ ಕಳ್ಳು ಒಪ್ಪಿಸುವ ಸಂಪ್ರದಾಯ ಇದೆ, ಅದನ್ನು ಪ್ರಸಾದ ಅಂತ ಕೈಗೆ ಕೊಟ್ಟಾಗ ಬೇಡ ಅನ್ನುವುದು ಸುಲಭ ಅಲ್ಲ. ಆ ಕ್ಷಣದಲ್ಲಿ ತೀರ್ಮಾನಿಸಲು ಹೋದರೆ ಸೋಲುವುದು ಖಂಡಿತ. ಮನೆಯ ಹಿರಿಯರಿಗೆ ಮುಂಚೆಯೇ ಹೇಳಿಟ್ಟರೆ ಅವರೇ ದಾರಿ ಮಾಡುತ್ತಾರೆ. "ಅವನಿಗೆ ಚಕ್ಕುಲಿ ಕೊಡಿ" ಅಂದರೆ ಮುಗಿಯಿತು. ಆ ರಾತ್ರಿ ಯಾರ ಜತೆ ಹೋಗುವುದು, ಎಷ್ಟು ಹೊತ್ತಿಗೆ ಹೊರಡುವುದು ಎಂಬುದನ್ನೂ ಪುಸ್ತಕದಲ್ಲಿ ಬರೆಯಬೇಕು.

ಸಹಾಯ ಕೇಳುವುದಕ್ಕೂ ಒಂದು ಕ್ರಮ ಇದೆ. "ನನಗೆ ಸಪೋರ್ಟ್ ಮಾಡಿ" ಅಂದರೆ ಯಾರಿಗೂ ಏನು ಮಾಡಬೇಕೆಂದು ತಿಳಿಯುವುದಿಲ್ಲ. "ಭಾವ, ಸಂಬಳದ ದಿನ ಐದೂವರೆಗೆ ನೀವು ಬೈಕಿನಲ್ಲಿ ಬಂದು ನನ್ನನ್ನು ಕರೆದುಕೊಂಡು ಹೋಗಬಹುದಾ? ಒಂದು ತಿಂಗಳು ಮಾತ್ರ." ಹೀಗೆ ಕೇಳಿದರೆ ಭಾವ ಬರುತ್ತಾರೆ. ಮನೆಯವರ ಪಾಲಿನ ಕೆಲಸವೂ ಇದೇ ಥರ ಇರಲಿ. ಆರು ಗಂಟೆಗೆ ಬಂದವನಿಗೆ "ಬಾಯಿ ವಾಸನೆ ನೋಡುತ್ತೇನೆ" ಎಂಬ ಸ್ವಾಗತ ಸಿಕ್ಕಿದರೆ ನಾಳೆ ಅವನು ಬೇಗ ಬರುವುದಿಲ್ಲ. ಅವನು ಕುಡಿಯದೆ ಬಂದ ಸಂಜೆಗಳಲ್ಲಿ ಜತೆಗೆ ಕೂತು ಚಾ ಕುಡಿಯಿರಿ, ಎರಡು ಮಾತಾಡಿ. ಇಷ್ಟು ವರ್ಷ ಅನುಭವಿಸಿದ ಹೆಂಡತಿಗೆ, ತಾಯಿಗೆ ಇದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಸಿಟ್ಟು ಇರುವುದು ಸಹಜ. ಹೊಡೆತ, ಬೆದರಿಕೆ ಇದ್ದ ಮನೆಯಲ್ಲಿ ಮೊದಲು ನೋಡಬೇಕಾದ್ದು ಹೆಂಗಸರ, ಮಕ್ಕಳ ಸುರಕ್ಷೆ. ಈ ಮಾತುಗಳೆಲ್ಲ ಆಮೇಲೆ.

ಇದು ಕೆಲಸ ಮಾಡುತ್ತದಾ? ಖಿನ್ನತೆಗೆ ಮಾಡುತ್ತದೆ ಎಂಬುದಕ್ಕೆ ಗಟ್ಟಿ ಆಧಾರ ಇದೆ. 2016ರಲ್ಲಿ ಬ್ರಿಟನ್ನಿನಲ್ಲಿ 440 ಜನರ ಮೇಲೆ ನಡೆದ ಅಧ್ಯಯನದಲ್ಲಿ, ಕಿರಿಯ ಆರೋಗ್ಯ ಕಾರ್ಯಕರ್ತರು ಕೊಟ್ಟ ಬಿಹೇವಿಯರಲ್ ಆಕ್ಟಿವೇಶನ್, ದುಬಾರಿ ತಜ್ಞರು ಕೊಟ್ಟ, ಯೋಚನೆಗಳನ್ನೂ ತಿದ್ದುವ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿಗಿಂತ ಕಡಿಮೆಯದ್ದೇನೂ ಆಗಿರಲಿಲ್ಲ. ನಮಗೆ ಇನ್ನೂ ಹತ್ತಿರದ್ದು ಗೋವಾದ ಕೆಲಸ. ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಸಂಗಾತ್ ಸಂಸ್ಥೆಯವರು ಮನೋವೈದ್ಯರಲ್ಲದ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೇ ಈ ಚಿಕಿತ್ಸೆಯನ್ನು ಆರರಿಂದ ಎಂಟು ಭೇಟಿಗಳಲ್ಲಿ ಕೊಟ್ಟರು. ಖಿನ್ನತೆ ಇಳಿಯಿತು. 2017ರಲ್ಲಿ ಫಲಿತಾಂಶ ಪ್ರಕಟವಾಯಿತು. ಅದೇ ಕೇಂದ್ರಗಳಲ್ಲಿ ಮಿತಿಮೀರಿ ಕುಡಿಯುವ ಗಂಡಸರಿಗೆ ಬೇರೆ ಒಂದು ಸಣ್ಣ ಕೌನ್ಸೆಲಿಂಗ್ ಕೊಟ್ಟಾಗ ಅದರಿಂದಲೂ ಪ್ರಯೋಜನ ಕಂಡಿತು.

ವ್ಯಸನಕ್ಕೇ ಹೊಂದಿಸಿದ ರೂಪವೂ ಇದೆ. ಅಮೆರಿಕದಲ್ಲಿ ವ್ಯಸನಮುಕ್ತಿ ಕೇಂದ್ರದಲ್ಲೇ ಉಳಿದು ಚಿಕಿತ್ಸೆ ಪಡೆಯುತ್ತಿದ್ದ 263 ಜನರ ಮೇಲೆ ನಡೆದ, 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬರೀ ಸಾಂತ್ವನದ ಕೌನ್ಸೆಲಿಂಗ್ ಪಡೆದವರಿಗಿಂತ ಈ ಚಿಕಿತ್ಸೆ ಪಡೆದವರಲ್ಲಿ ಮೂರು, ಆರು, ಹನ್ನೆರಡು ತಿಂಗಳ ನಂತರವೂ ಪೂರ್ತಿ ದೂರ ಉಳಿದವರು ಜಾಸ್ತಿ ಇದ್ದರು. ವ್ಯಸನದ ವಿಷಯದಲ್ಲಿ ಇಂಥ ಅಧ್ಯಯನಗಳು ಇನ್ನೂ ಕಡಿಮೆ, ಹೆಚ್ಚಿನವು ಸಣ್ಣವು. ಹಾಗಾಗಿ ಇದೊಂದೇ ಸಾಕು ಅಂತ ನಾನು ಹೇಳುವುದಿಲ್ಲ. ಆದರೆ ಒಂದು ಲೆಕ್ಕ ನೋಡಿ. 2019ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಕುಡಿತದ ತೊಂದರೆಗೆ ಸಹಾಯ ಬೇಕಾದವರು ಸುಮಾರು 5.7 ಕೋಟಿ. ಕುಡಿತಕ್ಕೆ ಪೂರ್ತಿ ದಾಸರಾದವರಲ್ಲಿ ಏನಾದರೂ ಚಿಕಿತ್ಸೆ ಸಿಕ್ಕಿದ್ದು 38 ಜನರಲ್ಲಿ ಒಬ್ಬರಿಗೆ. ಒಂದು ನೋಟ್ ಪುಸ್ತಕ ಮತ್ತು ತರಬೇತಿ ಪಡೆದ ಒಬ್ಬ ಆರೋಗ್ಯ ಕಾರ್ಯಕರ್ತೆಯಿಂದ ಶುರು ಮಾಡಬಹುದಾದ ಚಿಕಿತ್ಸೆಗೆ ಇಂಥ ಕಡೆ ಎಷ್ಟು ಬೆಲೆ ಇದೆ ಯೋಚಿಸಿ.

ಒಂದು ಎಚ್ಚರಿಕೆಯನ್ನು ಗಟ್ಟಿಯಾಗಿ ಹೇಳಬೇಕು. ದಿನಾ ತುಂಬಾ ಕುಡಿಯುವವರು ಒಮ್ಮೆಲೇ ಮನೆಯಲ್ಲಿ ಬಿಡಬಾರದು. ಕೊನೆಯ ಕುಡಿತದ ನಂತರದ ಎರಡು-ಮೂರು ದಿನಗಳಲ್ಲಿ ಕೈ ನಡುಕ, ಬೆವರು, ಫಿಟ್ಸ್, ಇಲ್ಲದ್ದು ಕಣ್ಣಿಗೆ ಕಾಣುವುದು, ದಿಕ್ಕು ತಪ್ಪಿದ ಮಾತು ಬರಬಹುದು. ಇದರಿಂದ ಜೀವ ಹೋಗುವುದೂ ಉಂಟು. ಬಿಡುವ ಮೊದಲು ಡಾಕ್ಟರಿಗೆ ತೋರಿಸಲೇಬೇಕು. ಪುಸ್ತಕ, ಪಟ್ಟಿ ಎಲ್ಲ ಅದು ದಾಟಿದ ಮೇಲಿನ ಮಾತು. ಕುಡಿಯುವ ಆಸೆ ಇಳಿಸುವ ನಾಲ್ಟ್ರೆಕ್ಸೋನ್‌ನಂಥ ಔಷಧಿ ಡಾಕ್ಟರು ಕೊಟ್ಟರೆ ಅದರ ಜತೆಗೇ ಇದನ್ನು ಮಾಡಬಹುದು, ಒಂದಕ್ಕೊಂದು ಅಡ್ಡಿ ಇಲ್ಲ. ಗಾಂಜಾ, ಎಂಡಿಎಂಎ ಥರದ ಮಾದಕ ವಸ್ತು ಹಿಡಿದ ಹುಡುಗರಿಗೂ ದಾರಿ ಇದೇ, ಆದರೆ ಮನೋವೈದ್ಯರ ನಿಗಾದಲ್ಲಿ. ಸಾಯುವ ಮಾತು ಬಂದರೆ ಆ ದಿನವೇ ಆಸ್ಪತ್ರೆ.

ನಡುವೆ ಒಮ್ಮೆ ಕುಡಿದುಬಿಟ್ಟರೆ? ತುಂಬಾ ಜನರಿಗೆ ಹಾಗಾಗುತ್ತದೆ. ಆಗ ಪುಸ್ತಕ ಬಿಸಾಡುವವರೇ ಜಾಸ್ತಿ, ನಿಜಕ್ಕೂ ಅದು ಬೇಕಾಗುವುದು ಆಗಲೇ. ಆ ದಿನದ ಪುಟ ತೆರೆದು, ಕುಡಿಯುವ ಮೊದಲಿನ ನಾಲ್ಕು ಗಂಟೆ ಹೇಗಿತ್ತು ಅಂತ ಬರೆಯಬೇಕು. ಮಳೆ ಬಂದು ಕೆಲಸ ನಿಂತಿತ್ತಾ? ಭಾವ ಬರಲಿಲ್ಲವಾ? ಮಗಳು ಅಜ್ಜಿ ಮನೆಗೆ ಹೋಗಿದ್ದಳಾ? ಸಿಕ್ಕಿದ ಉತ್ತರವನ್ನು ನೋಡಿ ಮುಂದಿನ ವಾರದ ಪಟ್ಟಿಗೆ ಮಳೆಗಾಲದ ಒಂದು ಸಾಲು ಸೇರಿಸುವುದು, ಭಾವನ ಜತೆಗೆ ಇನ್ನೊಬ್ಬರನ್ನು ಹೇಳಿಡುವುದು.

ಸಹಾಯ ಬೇಕಾದವರು ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿಗೂ ಫೋನ್ ಮಾಡಬಹುದು, ಕನ್ನಡದಲ್ಲೂ ಮಾತಾಡಬಹುದು. ವ್ಯಸನಕ್ಕೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ಕೇರಳ ಅಬಕಾರಿ ಇಲಾಖೆಯ ವಿಮುಕ್ತಿ ಯೋಜನೆಯ ನಂಬರ್ 14405, ಕಾಸರಗೋಡು ಜಿಲ್ಲೆಯಲ್ಲಿ ಅದರ ಚಿಕಿತ್ಸಾ ಕೇಂದ್ರ ನೀಲೇಶ್ವರದ ತಾಲೂಕು ಆಸ್ಪತ್ರೆಯಲ್ಲಿದೆ. ಕೌನ್ಸಿಲರ್ ಎದುರು ಕೂತಾಗ "ಬಿಟ್ಟ ಮೇಲೆ ನನ್ನ ಸಂಜೆಗಳಿಗೆ ಪಟ್ಟಿ ಮಾಡಿಕೊಡಲು ಸಹಾಯ ಮಾಡುತ್ತೀರಾ" ಅಂತ ನೇರವಾಗಿ ಕೇಳಿ. ಬರೆದ ಪುಸ್ತಕ ಇದ್ದರೆ ಅದನ್ನೂ ತೆಗೆದುಕೊಂಡು ಹೋಗಿ.